ಮಗನ ಮನೆಗೆ ಮೂವತ್ತು ದಿನ: ಖರ್ಚು ಯಾರ ಕಿಸೆಯದು?

ದುಬೈಯಲ್ಲಿ ದುಡಿಯುವ ಮಗನ ಬಳಿಗೋ ಮಗಳ ಬಳಿಗೋ ಒಂದು ತಿಂಗಳ ಮಟ್ಟಿಗೆ ಹೋಗಿಬರಬೇಕೆಂಬ ಆಸೆ ಈಗ ನಮ್ಮ ಜಿಲ್ಲೆಯ ಸಾಮಾನ್ಯ ಕುಟುಂಬಗಳಲ್ಲೂ ಇದೆ. ಮಂಜೇಶ್ವರದಿಂದ ಹೊಸದುರ್ಗದ ತನಕ ಮಕ್ಕಳನ್ನು ಕೊಲ್ಲಿ ನಾಡಿಗೆ ಕಳುಹಿಸದ ಊರು ಸಿಗುವುದು ಕಷ್ಟ. ಆದುದರಿಂದ ಆಸೆ ಸಹಜವೇ. ಆದರೆ ಹೊರಡುವ ಮುಂಚೆ ಹಾಕುವ ಲೆಕ್ಕ ಹೆಚ್ಚಿನ ಮನೆಗಳಲ್ಲಿ ಒಂದೇ ವಾಕ್ಯಕ್ಕೆ ಮುಗಿಯುತ್ತದೆ: “ಟಿಕೇಟಿನದ್ದು ಮಾತ್ರ ಖರ್ಚು, ಉಳಿಯಲಿಕ್ಕೆ ಉಣ್ಣಲಿಕ್ಕೆ ಮಗ ಇದ್ದಾನಲ್ಲ!” ಈ ಲೆಕ್ಕ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಪ್ರವಾಸ ಏಜನ್ಸಿಗಳ ಜಾಹೀರಾತುಗಳು ವಿದೇಶ ಯಾತ್ರೆಯನ್ನು ಮಿತವ್ಯಯದ್ದು, ಮಧ್ಯಮ, ಐಷಾರಾಮಿ ಎಂದು ಮೂರು ತರಗತಿಗಳಾಗಿ ವಿಂಗಡಿಸುತ್ತವೆ. ನಮ್ಮವರ ಮಟ್ಟಿಗೆ ಈ ವಿಂಗಡಣೆ ಹೊಂದುವುದಿಲ್ಲ. ನಮ್ಮವರ ಯಾತ್ರೆಯ ತರಗತಿಯನ್ನು ನಿರ್ಧರಿಸುವುದು ಯಾತ್ರಿಕರ ಅಭಿರುಚಿಯಲ್ಲ, ಅಲ್ಲಿ ಮಗನ ತಲೆಯ ಮೇಲಿರುವ ಸೂರು.

ಮೊದಲು ಅತಿ ಕೆಳಗಿನ ಸೂರನ್ನೇ ತೆಗೆದುಕೊಳ್ಳೋಣ. ಊರಿಗೆ ಬರುವಾಗ ಅತ್ತರು ಪೂಸಿಕೊಂಡು, ಎರಡು ದೊಡ್ಡ ಪೆಟ್ಟಿಗೆಗಳೊಡನೆ ಇಳಿಯುವ ಹುಡುಗ ಅಲ್ಲಿ ಆರೇಳು ಮಂದಿಯ ಕೋಣೆಯಲ್ಲಿ ಎರಡಂತಸ್ತಿನ ಮಂಚದ ಮೇಲಿನ ಪಾಲನ್ನು ಬಾಡಿಗೆಗೆ ಹಿಡಿದಿರುತ್ತಾನೆ. ‘ಬೆಡ್ ಸ್ಪೇಸ್’ ಎಂದು ಅದಕ್ಕೆ ಹೆಸರು. ತಂದೆತಾಯಿಗೆ ಇದು ಗೊತ್ತಿರುವುದಿಲ್ಲ; ಆತ ಹೇಳುವುದೂ ಇಲ್ಲ. “ಬನ್ನಿ ಅಪ್ಪಾ” ಎಂದು ಬಾಯಿತುಂಬ ಕರೆಯುವವನಿಗೆ ಒಳಗೊಳಗೇ ಎದೆಗುದಿ. ಈಚಿನ ನಿಯಮಗಳು ಈ ಸಂಕಟವನ್ನು ಇನ್ನಷ್ಟು ಬಿಗಿಗೊಳಿಸಿವೆ. 2024ರ ಕೊನೆಯಿಂದ ದುಬೈ ಪ್ರವಾಸಿ ವೀಸಾದ ಅರ್ಜಿಯೊಡನೆ ಹಿಂತಿರುಗುವ ಟಿಕೇಟನ್ನೂ ಉಳಿಯುವ ಸ್ಥಳದ ಪುರಾವೆಯನ್ನೂ ಕೇಳತೊಡಗಿದರು. ಬಂಧುಗಳ ಮನೆಯಲ್ಲಿ ಉಳಿಯುವುದಾದರೆ ಆ ಮನೆಯ ಬಾಡಿಗೆ ಕರಾರು, ಬಂಧುವಿನ ಗುರುತುಚೀಟಿ, ವೀಸಾದ ಪ್ರತಿ ಬೇಕು. 2025ರ ಜೂನಿನಲ್ಲಿ ಅಲ್ಲಿಯ ನಗರಾಡಳಿತವು ಫ್ಲ್ಯಾಟುಗಳೊಳಗೆ ಅನುಮತಿಯಿಲ್ಲದೆ ಹಲಗೆಗೋಡೆ ಎಬ್ಬಿಸಿ ಮಾಡಿದ ಕೋಣೆಗಳ ವಿರುದ್ಧ ಕಾರ್ಯಾಚರಣೆ ನಡೆಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಬಿದ್ದ ನಿಯಮದ ಪ್ರಕಾರ, ತಂದೆತಾಯಿಯಂಥ ಹತ್ತಿರದ ಬಂಧುಗಳನ್ನು ತನ್ನ ಜವಾಬ್ದಾರಿಯಲ್ಲಿ ಕರೆಸಿಕೊಳ್ಳುವವನಿಗೆ ತಿಂಗಳಿಗೆ ಕನಿಷ್ಠ 4,000 ದಿರ್ಹಂ ವರಮಾನವಿರಬೇಕು.

ಅಂದರೆ ಮಂಚದ ಪಾಲಿನಲ್ಲಿರುವ ಮಗನ ತಂದೆತಾಯಿ ಹೋಟೆಲನ್ನೇ ಹಿಡಿಯಬೇಕು, ಇಲ್ಲವೇ ಸಂಸಾರಸ್ಥ ಸ್ನೇಹಿತರ ಹಂಗಿಗೆ ಬೀಳಬೇಕು. ಹೋಟೆಲಿನ ಫಲಕದಲ್ಲಿ ಕಾಣುವ ದರ ಅನೇಕ ವೇಳೆ ಪೂರ್ತಿ ದರವಲ್ಲ. ನಗರಸಭೆಯ ಶುಲ್ಕ ಶೇ. 7, ಸೇವಾ ಶುಲ್ಕ ಶೇ. 10, ಅದಲ್ಲದೆ 2018ರಲ್ಲಿ ಜಾರಿಗೆ ಬಂದ ಶೇ. 5ರ ವ್ಯಾಟ್ ಅದಕ್ಕೆ ಸೇರುತ್ತವೆ. 2014ರಿಂದ ‘ಟೂರಿಸಂ ದಿರ್ಹಂ’ ಎಂಬುದೂ ಇದೆ. ಹೋಟೆಲಿನ ದರ್ಜೆ ನೋಡಿ ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಂ. ಬಡ ಸೂರಿನ ಯಾತ್ರೆಯೇ ಕೈಗೆ ಹೆಚ್ಚು ಭಾರವಾಗುವುದು ಹೀಗೆ. ಇಂಥವರು ಮೂವತ್ತು ದಿನದ ಆಸೆ ಬಿಟ್ಟು ಐದಾರು ದಿನಕ್ಕೆ ಹೋಗಿಬರುವುದು ಲೇಸು. ಅದಕ್ಕಿಂತಲೂ ಮೊದಲು ಮಗನೊಡನೆ ಬಾಯಿಬಿಟ್ಟು ಮಾತನಾಡುವುದು ಲೇಸು.

ಎರಡನೆಯ ಸೂರು, ಮಗ ಸೊಸೆ ಮೊಮ್ಮಕ್ಕಳ ಸಣ್ಣ ಫ್ಲ್ಯಾಟು. ಇಲ್ಲಿ ಬಾಡಿಗೆ ಕೊಡಬೇಕಾಗಿಲ್ಲವೆಂಬುದು ನಿಜ. ಆದರೆ ವೀಸಾ ಖರ್ಚು ಮಗನದು. ಎರಡು ಬಾಯಿ ಹೆಚ್ಚಾದ ಅಡುಗೆಮನೆಯ ಖರ್ಚು ಅವನದು. ವಾರದ ರಜೆಯಲ್ಲಿ ತಿರುಗಾಡಿಸುವ, ನೆರೆಮನೆಯವರಿಗೆಂದು ಸಾಮಾನು ಕೊಂಡುಕೊಡುವ ಖರ್ಚೂ ಅವನದೇ. ಆ ತಿಂಗಳು, ಅದರ ಮುಂದಿನ ತಿಂಗಳು ಊರಿಗೆ ಬರುವ ಹಣ ಅರ್ಧಕ್ಕಿಳಿದರೆ ಕಾರಣ ಇದೇ. ‘ಖರ್ಚಿಲ್ಲದ’ ಊಟದ ಬೆಲೆಯನ್ನು ನಾವೇ ಕೊಟ್ಟಿರುತ್ತೇವೆ, ಬೇರೆ ಬಾಗಿಲಿನಿಂದ.

ಆದರೆ ಈ ಸೂರಿನಡಿ ಮಿತವ್ಯಯಕ್ಕೆ ಅವಕಾಶ ಬಹಳ. ದುಬೈಯ ಮೆಟ್ರೋ ರೈಲಿನಲ್ಲಿ ಬೆಳ್ಳಿ ಬಣ್ಣದ ನೋಲ್ ಕಾರ್ಡಿಗೆ ದೂರಕ್ಕನುಸಾರ 3, 5, ಇಲ್ಲವೇ ಏಳೂವರೆ ದಿರ್ಹಂ. ಅದೇ ರೈಲಿನ ಚಿನ್ನದ ತರಗತಿಗೆ ಇದರ ಇಮ್ಮಡಿ. ಗಂಡಹೆಂಡಿರಿಬ್ಬರು ಊರ ಈ ತುದಿಯಿಂದ ಆ ತುದಿಗೆ ಹೋಗಿಬಂದರೆ ಸಾಧಾರಣ ಡಬ್ಬಿಯಲ್ಲಿ 30 ದಿರ್ಹಂ, ಚಿನ್ನದ ಡಬ್ಬಿಯಲ್ಲಿ 60. ಖೋರ್ ಎಂಬ ಅಳಿವೆಯನ್ನು ಅಬ್ರಾ ದೋಣಿಯಲ್ಲಿ ದಾಟಲು ಒಂದೇ ದಿರ್ಹಂ. ಚಂದ್ರಗಿರಿ ಕಡವು ದಾಟಿ ಅಭ್ಯಾಸವಿದ್ದ ಹಿರಿಯರಿಗೆ ಎತ್ತರದ ಬುರ್ಜ್ ಖಲೀಫಾಕ್ಕಿಂತ ಈ ದೋಣಿಯೇ ಹೆಚ್ಚು ಖುಷಿ ಕೊಟ್ಟೀತು! ಅಬುಧಾಬಿಗೆ ಬಸ್ಸಿನಲ್ಲಿ ತಲೆಗೆ 25 ದಿರ್ಹಂ. ಅಲ್ಲಿಯ ಶೇಖ್ ಜಾಯೆದ್ ಮಸೀದಿಗೂ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ದೇವಸ್ಥಾನಕ್ಕೂ ಪ್ರವೇಶ ಶುಲ್ಕವಿಲ್ಲ.

ಮೂರನೆಯದು, ಮಗನ ಮನೆಗೆ ಬರಿಯ ಭೇಟಿ ಕೊಟ್ಟು, ಇಲ್ಲಿಂದಲೇ ಪ್ಯಾಕೇಜು ಕೊಂಡು ಹೋಟೆಲಿನಲ್ಲಿ ಇಳಿಯುವವರದು. ಇವರಿಗೆ ಹೇಳುವುದು ಹೆಚ್ಚಿಲ್ಲ. 2020ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿಗೆ ಆದಾಯ ತೆರಿಗೆಯ ಮುಂಗಡ ವಸೂಲಿಯಿದೆ. ಶೇ. 5ರಿಂದ ಆರಂಭವಾಗಿ, 2023ರ ಅಕ್ಟೋಬರಿನಿಂದ ದೊಡ್ಡ ಮೊತ್ತಗಳಿಗೆ ಶೇ. 20ಕ್ಕೇರಿ, 2026–27ರ ಕೇಂದ್ರ ಬಜೆಟಿನಲ್ಲಿ ಶೇ. 2ಕ್ಕೆ ಇಳಿಯಿತು. ರಿಟರ್ನು ಸಲ್ಲಿಸುವವರಿಗೆ ಇದು ಲೆಕ್ಕಕ್ಕೆ ಜಮೆಯಾಗುತ್ತದೆ. ಸಲ್ಲಿಸದವರಿಗೆ ಹೋದ ಹಣ ಹೋದ ಹಾಗೆಯೇ.

ಇನ್ನು ರೂಪಾಯಿಯ ಮಾತು. ಒಂದು ಕಾಲದಲ್ಲಿ ದುಬೈಯಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ಭಾರತ ಕೊಲ್ಲಿಗೆಂದೇ ಪ್ರತ್ಯೇಕ ನೋಟು ಅಚ್ಚುಹಾಕಿತ್ತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಆ ಸಂಬಂಧ ಕಡಿಯಿತು. ದಿರ್ಹಂ 1997ರಿಂದ ಡಾಲರಿಗೆ 3.6725ರ ದರದಲ್ಲಿ ಗಂಟುಹಾಕಿಕೊಂಡಿದೆ. ಡಾಲರಿನೆದುರು ರೂಪಾಯಿ ಜಾರಿದರೆ ದಿರ್ಹಮಿನೆದುರೂ ಅಷ್ಟೇ ಜಾರುತ್ತದೆ. 2014ರಲ್ಲಿ ಡಾಲರಿಗೆ ಸುಮಾರು 61 ರೂಪಾಯಿಯಿದ್ದಾಗ ಸಾವಿರ ದಿರ್ಹಮಿಗೆ 16,600 ರೂಪಾಯಿ ಸಾಕಾಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಡಾಲರು 90 ದಾಟಿತು. ಆ ಲೆಕ್ಕದಲ್ಲಿ ಅದೇ ಸಾವಿರ ದಿರ್ಹಮಿಗೆ 24,500 ರೂಪಾಯಿ. ಮಗ ಕಳುಹಿಸುವ ಹಣ ಇಲ್ಲಿ ಉಬ್ಬುವುದೂ ತಂದೆ ಒಯ್ಯುವ ಹಣ ಅಲ್ಲಿ ಕುಗ್ಗುವುದೂ ಒಂದೇ ಕಾರಣದಿಂದ. ಅಡಿಕೆ ಮಾರಿದ ಹಣವನ್ನು ದಿರ್ಹಮಿಗೆ ಬದಲಾಯಿಸಿ “ಮಗನಿಗೆ ಹೊರೆಯಾಗಬಾರದು” ಎನ್ನುವ ತಂದೆಯ ಸ್ವಾಭಿಮಾನ ದೊಡ್ಡದೇ ಸರಿ. ಆದರೆ ಅಲ್ಲಿಯ ಖರ್ಚನ್ನು ಮಗ ಅಲ್ಲಿಯ ಸಂಬಳದಿಂದ ಭರಿಸಿ, ಟಿಕೇಟು ಮತ್ತು ವಿಮೆಯನ್ನು ತಂದೆ ಇಲ್ಲಿಯ ರೂಪಾಯಿಯಿಂದ ಭರಿಸಿದರೆ ಹಣ ಎರಡು ಸಲ ಬದಲಾಗಿ ಸೋರುವುದು ತಪ್ಪುತ್ತದೆ. ಮನೆಯ ಕಿಸೆ ಎರಡಾದರೂ ಲೆಕ್ಕದ ಪುಸ್ತಕ ಒಂದೇ ಇರಲಿ.

ಟಿಕೇಟಿನ ವಿಷಯದಲ್ಲಿ ತರಗತಿಗಿಂತ ದಿನಾಂಕ ಮುಖ್ಯ. ಅಲ್ಲಿಯ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಜೂನ್ ಕೊನೆಗೆ ಅಲ್ಲಿಂದ ಇಲ್ಲಿಗೆ ನೂಕುನುಗ್ಗಲು; ಆಗಸ್ಟ್ ಕೊನೆಗೆ ಇಲ್ಲಿಂದ ಅಲ್ಲಿಗೆ. ಓಣಂ, ಪೆರ್ನಾಳು, ಕ್ರಿಸ್ಮಸ್‌ಗಳ ಆಸುಪಾಸಿನಲ್ಲೂ ಹೀಗೆಯೇ. ದರ ಸಾಧಾರಣ ದಿನಗಳ ಎರಡು ಮೂರು ಪಟ್ಟಾಗುವುದು ನಮ್ಮವರಿಗೆ ಹೊಸತಲ್ಲ. ಅಕ್ಟೋಬರಿನಲ್ಲಿ ಹೋಗಿ ನವೆಂಬರಿನಲ್ಲಿ ಮರಳಿದರೆ ದರವೂ ಇಳಿದಿರುತ್ತದೆ, ಬಿಸಿಲೂ ಇಳಿದಿರುತ್ತದೆ. ದರ ಏರುವುದಕ್ಕೆ ಇನ್ನೊಂದು ಕಾರಣವೂ ಇದೆ. 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣಕ್ಕೆ ವಿದೇಶಿ ಕಂಪೆನಿಗಳ ವಿಮಾನಗಳಿಗೆ ಇಳಿಯಲು ಬೇಕಾದ ‘ಪಾಯಿಂಟ್ ಆಫ್ ಕಾಲ್’ ಮಾನ್ಯತೆಯನ್ನು ಕೇಂದ್ರ ಸರಕಾರ ವರ್ಷಗಟ್ಟಲೆ ಬೇಡಿದರೂ ಕೊಡಲಿಲ್ಲ. ಭಾರತ–ದುಬೈ ನಡುವಣ ಸೀಟುಗಳ ಮಿತಿ 2014ರಲ್ಲಿ ವಾರಕ್ಕೆ ಸುಮಾರು 66,000 ಎಂದು ನಿಗದಿಯಾದ ಮೇಲೆ ದುಬೈ ಎಷ್ಟು ಕೇಳಿದರೂ ಅದನ್ನು ಹೆಚ್ಚಿಸಲು ದೆಹಲಿ ಹಿಂದೇಟು ಹಾಕುತ್ತಲೇ ಬಂತು. ಸ್ವದೇಶಿ ಕಂಪೆನಿಗಳ ಹಿತ ಕಾಯುವುದು ಸರಕಾರದ ವಾದ. ಹಿತದ ಬೆಲೆ ತೆರುವವರು ಮಾತ್ರ ಮಂಗಳೂರು, ಕಣ್ಣೂರುಗಳನ್ನು ನೆಚ್ಚಿದ ನಮ್ಮಂಥವರು.

ಎಷ್ಟೇ ಲೆಕ್ಕ ಹಾಕಿದರೂ ಮೀಸಲು ಹಣವೊಂದಿಷ್ಟು ಬೇಕು. 2024ರ ಏಪ್ರಿಲ್ 16ರ ಮಳೆಗೆ ದುಬೈ ನಿಲ್ದಾಣವೇ ನೀರಿನಲ್ಲಿ ನಿಂತು ವಿಮಾನಗಳು ದಿನಗಟ್ಟಲೆ ಅಸ್ತವ್ಯಸ್ತವಾದವು. 2025ರ ಜೂನ್ 23ರ ರಾತ್ರಿ ಯುದ್ಧಭೀತಿಯಿಂದ ಕೊಲ್ಲಿಯ ಆಕಾಶವೇ ಕೆಲ ಗಂಟೆ ಮುಚ್ಚಿತು. ವೀಸಾ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡವಿರುವುದರಿಂದ, ಅವಧಿಯ ಕೊನೆಯ ದಿನಕ್ಕೇ ಟಿಕೇಟು ಮಾಡುವುದು ಬುದ್ಧಿವಂತಿಕೆಯಲ್ಲ. ಅರುವತ್ತು ದಾಟಿದವರು ಯಾತ್ರಾ ವಿಮೆಯನ್ನು ಹಳೆಯ ಕಾಯಿಲೆಗಳೂ ಸೇರುವಂತೆ ಕೇಳಿ ಕೊಳ್ಳಬೇಕು. ಅಲ್ಲಿಯ ಒಂದು ದಿನದ ಆಸ್ಪತ್ರೆ ಇಲ್ಲಿಯ ಒಂದು ವರ್ಷದ ಉಳಿತಾಯವನ್ನು ನುಂಗಬಲ್ಲದು. ಪೆಟ್ಟಿಗೆಯಲ್ಲಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇರಲಿ; ಗಸಗಸೆ, ವೀಳ್ಯದೆಲೆ ಬೇಡವೇ ಬೇಡ, ಎರಡೂ ಅಲ್ಲಿ ನಿಷಿದ್ಧ. ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ವಿಮಾನ ಕಂಪೆನಿಗಳ ಪಟ್ಟಿಯಲ್ಲಿದೆ.

ಕೊನೆಗೆ, ಕನ್ನಡಿಗರಾದ ನಮಗೇ ವಿಶೇಷವಾದ ಒಂದು ಖರ್ಚು, ಹೆಸರಿನದು. ಮನೆಯಲ್ಲಿ ಕನ್ನಡದಲ್ಲಿಟ್ಟ ಹೆಸರು ಕಚೇರಿಯಲ್ಲಿ ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯುವಷ್ಟರಲ್ಲಿ ಒಂದಕ್ಷರ ಹೆಚ್ಚಾಗಿಯೋ ಕಡಿಮೆಯಾಗಿಯೋ ಇರುತ್ತದೆ. ಸರಸ್ವತಿಯ ಕೊನೆಗೆ ಒಂದು ದಾಖಲೆಯಲ್ಲಿ ‘ಐ’, ಇನ್ನೊಂದರಲ್ಲಿ ‘ವೈ’. ಹಳಬರಿಗಂತೂ ಒಂಟಿ ಹೆಸರು, ಅದರ ಹಿಂದೆ ಮುಂದೆ ಒಂದೆರಡು ಇನಿಶಿಯಲ್. 2022ರ ನವೆಂಬರಿನಲ್ಲಿ ಯು.ಎ.ಇ. ಸರಕಾರ ಸಂದರ್ಶಕ ವೀಸಾದಲ್ಲಿ ಬರುವವರ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವೇಶವಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಇಲ್ಲವೇ ಮನೆತನದ ಹೆಸರಿದ್ದರೆ ಆಗಬಹುದೆಂದು ಅನಂತರ ಸಡಿಲಿಸಿತು. ಹೆಸರು ಸರಿಪಡಿಸಿ ಪಾಸ್‌ಪೋರ್ಟು ಮರಳಿ ಪಡೆಯಲು ಸಾಮಾನ್ಯ ಶುಲ್ಕ 1,500 ರೂಪಾಯಿ. ಅದಕ್ಕೆ ಬೇಕಾದ ದಾಖಲೆಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದ ಗಂಡಹೆಂಡಿರಿಬ್ಬರ ಪಾಸ್‌ಪೋರ್ಟುಗಳನ್ನೂ ಮಗನ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುವ ತಂದೆತಾಯಿಯ ಹೆಸರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿಯಾದ ಮೇಲೆಯೇ ಟಿಕೇಟಿಗೆ ಹಣ ಕಟ್ಟಬೇಕು.