ಕಾಲುಪೇಟಿಯಿಂದ ಕೀಬೋರ್ಡಿನವರೆಗೆ

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲಕ್ಕೆ ನಮ್ಮ ಸೀಮೆಯ ಮೇಲೆ ಮರಾಠಿ ಸಂಗೀತ ನಾಟಕದ ಗಾಳಿ ಬಲವಾಗಿಯೇ ಬೀಸಿತ್ತು. ಬೀಳಗಿಯ ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ತಂಗಿ ಅಮೀರಬಾಯಿಯ ದನಿ 1943ರ ‘ಕಿಸ್ಮತ್’ ಚಿತ್ರದಿಂದ ದೇಶಕ್ಕೆಲ್ಲ ಮುಟ್ಟಿತು. ಆ ಹೆಸರುಗಳು ಉಳಿದವು. ಅಂಥ ದನಿಗಳಿಗೆ ಸುರ ಹಿಡಿದು ಕೂತ ಪೇಟಿ (ಹಾರ್ಮೋನಿಯಮ್) ಮಾಸ್ತರರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು ಕೊಟ್ಟು, ಪಾದಗಳಿಂದ ತಿದಿ ಒತ್ತುತ್ತ ಕೂಡುತ್ತಿದ್ದರು. ಕೈ ಎರಡೂ ಮನೆಗಳ ಮೇಲೆ, ಕಣ್ಣು ಪಾತ್ರಧಾರಿಯ ತುಟಿಯ ಮೇಲೆ. ಸ್ತ್ರೀಪಾತ್ರದ ಹುಡುಗನ ದನಿ ಒಡೆದು ಕಾಳಿ ಐದರಿಂದ, ಅಂದರೆ ಐದನೆಯ ಕರಿಮನೆಯ ಸುರದಿಂದ, ಕಾಳಿ ಒಂದಕ್ಕೆ ಇಳಿದರೆ ಹಾಡುಗಳನ್ನೆಲ್ಲ ಆ ರಾತ್ರಿಯೇ ಬೇರೆ ಮನೆಯಿಂದ ನುಡಿಸಬೇಕು.

ಮೀಂಡು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನುಡಿ, ಬಾರದ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1971ರಲ್ಲಿ. ಶ್ರೀಕೃಷ್ಣ ಪಾರಿಜಾತದ ಆಟದ ಮೇಳಗಳೂ ಭಜನೆಯ ಮಠಗಳೂ ಈ ಅಪ್ಪಣೆಗೆ ಸೊಪ್ಪು ಹಾಕಲಿಲ್ಲ ಎನ್ನುವುದು ಬೇರೆ ಮಾತು. ಕೃಷ್ಣೆಯಾಚೆಯ ಕಾಗವಾಡದಲ್ಲಿ ಹುಟ್ಟಿದ ಹಾರ್ಮೋನಿಯಮ್ ವಾದಕ ರಾಮಭಾವು ಬಿಜಾಪುರೆ 1938ರಲ್ಲೇ ಬೆಳಗಾವಿಯಲ್ಲಿ ಸಂಗೀತ ಶಾಲೆ ತೆರೆದಿದ್ದರು. ಅವರು 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪೇಟಿಗೆ ಸಾಥಿಯ ಆಚೆಗೂ ಒಂದು ಮಾನ ಬಂದಿತ್ತು.

ಅಷ್ಟರಲ್ಲಿ ಕ್ಯಾಸಿಯೋ ಕೀಬೋರ್ಡು ಬಂತು. ಮನೆಗಳ ಮುಂದೆ ಕೂತವರ ಪಾಡು ಹೊರನಾಡಿನಲ್ಲೂ ಬೇರೆಯಾಗಿರಲಿಲ್ಲ. 1980ರಲ್ಲಿ ಇಂಗ್ಲೆಂಡಿನ ಬ್ಯಾಸಿಲ್ಡನ್ ಊರಿನ ಹುಡುಗರು ಡಿಪೆಷ್ ಮೋಡ್ ಎಂಬ ಬ್ಯಾಂಡ್ ಕಟ್ಟಿ ಸಿಂಥಸೈಜರನ್ನೇ ರಂಗದ ಮುಂಸಾಲಿಗೆ ತಂದಿದ್ದರು. 1982ರಲ್ಲಿ ಅದನ್ನು ಸೇರಿ ಹಾಡುಗಳ ನಾದವಿನ್ಯಾಸ ಹೊತ್ತ ಅಲನ್ ವೈಲ್ಡರ್ 1995ರಲ್ಲಿ ಹೊರಬಿದ್ದಾಗ ಹೇಳಿದ್ದು, ತನ್ನ ದುಡಿಮೆಗೆ ತಕ್ಕ ಮನ್ನಣೆ ಸಿಗಲಿಲ್ಲವೆಂದು. ನಮ್ಮ ಪೇಟಿ ಮಾಸ್ತರರು ಇದನ್ನು ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ.

ಕೀಬೋರ್ಡಿನಿಂದ ಆದ ಲಾಭ ಸಣ್ಣದಲ್ಲ. ರಬಕವಿ-ಬನಹಟ್ಟಿಯಲ್ಲಿ ಹಗಲೆಲ್ಲ ಪಾವರ್‌ಲೂಮ್ ನಡೆಸುವ ಹುಡುಗ ರಾತ್ರಿ ಆರ್ಕೆಸ್ಟ್ರಾದಲ್ಲಿ ಕೂತು ನಾಲ್ಕು ಕಾಸು ಕಾಣಬಲ್ಲ. ಕೊಳಲು, ಶಹನಾಯಿ, ಪಿಟೀಲು ಎಲ್ಲ ಒಂದೇ ಚೀಲದಲ್ಲಿ. ಕಾಳಿ ಐದರಿಂದ ಒಂದಕ್ಕೆ ಇಳಿಯಲು ಒಂದು ಗುಂಡಿ ಒತ್ತಿದರಾಯಿತು. ಹೋದದ್ದು ತಾಲೀಮು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ಸೀಮೆಯ ಊರುಗಳು ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಚದುರಿದಾಗ ಕೆಲವು ಕಡೆ ತಾಲೀಮಿನ ಕಟ್ಟೆಗಳೂ ನೀರಿಗೆ ಹೋದವು. ಉಳಿದ ಊರುಗಳಲ್ಲಿ ಪುರಸೊತ್ತೇ ಹೋಯಿತು. ಹಿಂದೆ ಮಾಸ್ತರರು ತಿಂಗಳುಗಟ್ಟಲೆ ಊರಲ್ಲೇ ಉಂಡು ಮಲಗಿ, ಕುರಿ ಕಾಯುವವನ ಬಾಯಲ್ಲೂ ಕಂದಪದ್ಯ ಹಾಡಿಸುತ್ತಿದ್ದರು. ಕೀಬೋರ್ಡಿನ ಹುಡುಗ ನಾಟಕದ ಸಂಜೆ ಬಂದಿಳಿದು, ಬೆಳಗಿನ ಜಾವ ಮುಂದಿನ ಊರಿನ ದಾರಿ ಹಿಡಿಯುತ್ತಾನೆ. ಅವನನ್ನು ದೂರಿ ಫಲವಿಲ್ಲ. ತಾಲೀಮಿನ ಪಗಾರ ಕೊಡಲು ಇಂದು ಯಾವ ಊರೂ ತಯಾರಿಲ್ಲ.