ಗಂಗುವಿನ ಕಥೆ

ಕಲಬುರಗಿಯ ಕೋಟೆಯನ್ನು ಕಂಡು, ಕಮಲಾಪುರದ ಮಾರ್ಗವಾಗಿ ಬೀದರಿಗೆ ಸಾಗುವವನಿಗೆ ಬಹಮನಿ ಸುಲ್ತಾನರ ಎರಡು ರಾಜಧಾನಿಗಳೂ ನೋಡಸಿಗುತ್ತವೆ. ಆ ಮನೆತನಕ್ಕೆ ‘ಬಹಮನಿ’ ಎಂಬ ಹೆಸರು ಬಂದುದೆಂತು?

ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಶ್ತಾ ಒಂದು ಸೊಗಸಾದ ಕಥೆಯನ್ನು ಹೇಳುತ್ತಾನೆ. ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಹೊಲವನ್ನು ಉಳುತ್ತಿದ್ದ ಹಸನನಿಗೆ ಹೊನ್ನು ತುಂಬಿದ ಕೊಪ್ಪರಿಗೆಯೊಂದು ಸಿಕ್ಕಿತಂತೆ. ಅವನು ಅದನ್ನು ಒಡೆಯನಿಗೇ ಒಪ್ಪಿಸಿದನು. ಮುಂದೆ 1347ರಲ್ಲಿ ಸಿಂಹಾಸನವನ್ನೇರಿದಾಗ ಆ ಬ್ರಾಹ್ಮಣನ ನೆನಪಿಗಾಗಿ ಈ ಹೆಸರನ್ನು ತಳೆದನು.

ಕೇಳಲು ಇಂಪಾದುದೆಲ್ಲ ಇತಿಹಾಸವಾಗಲಾರದು. ಫೆರಿಶ್ತಾ ಬರೆದುದು ಸುಮಾರು ಎರಡೂವರೆ ಶತಮಾನಗಳ ಅನಂತರ. ಹಸನನ ಆಶ್ರಯದಲ್ಲಿಯೇ 1350ರಲ್ಲಿ ತನ್ನ ಕಾವ್ಯವನ್ನು ಮುಗಿಸಿದ ಇಸಾಮಿಯಲ್ಲಿ ಈ ಕಥೆಯ ಸುಳಿವಿಲ್ಲ. ನಾಣ್ಯಗಳಲ್ಲಿ ಸುಲ್ತಾನನು ‘ಬಹಮನ್ ಶಾಹ’. ಪಾರಸಿಕ ವೀರ ಬಹಮನನ ವಂಶ ತಮ್ಮದೆಂಬುದು ಆ ಮನೆತನದ ಹೇಳಿಕೆ. ಆದರೆ ಆ ಬಹಮನನಾದರೂ ‘ಶಾಹನಾಮೆ’ಯ ಪುರಾಣಪುರುಷನೇ ತಾನೆ! ಹೆಸರಿನ ಮೂಲ ಅಲ್ಲಿದೆಯೆಂದು ಒಪ್ಪಬಹುದು, ವಂಶವನ್ನು ಒಪ್ಪಬೇಕಾಗಿಲ್ಲ.

ಹಾಗೆಂದು ಗಂಗುವನ್ನು ಪೂರ್ಣವಾಗಿ ಅಳಿಸಿಬಿಡುವುದೂ ದುಡುಕು. ದಿಲ್ಲಿಯ ಹಳೆಯ ಚರಿತ್ರಕಾರರು ಹಸನನನ್ನು ‘ಕಾಂಗೂ’ ಎಂದು ಕರೆದುದುಂಟು. ಅರ್ಥವಾಗದ ಆ ಪದವೇ ಕಾಲಾಂತರದಲ್ಲಿ ಬ್ರಾಹ್ಮಣನೊಬ್ಬನ ರೂಪವನ್ನು ತಾಳಿ, ಹೊಲವನ್ನೂ ಹೊನ್ನನ್ನೂ ಕೂಡಿಸಿಕೊಂಡಿರಬಹುದು.