ಗಾಳಿಯ ತೇವವೂ ಒಂದು ಪಾಠ

ಕನ್ನಡ ಪಾಠ ಹೇಳುವವನಿಗೆ ರಸಾಯನದ ಗೊಡವೆ ಏತಕ್ಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಮಸ್ಕಿಯ ಬಂಡೆಯೇ ಕಾರಣ. 1915ರಲ್ಲಿ ಅಲ್ಲಿ ದೊರೆತುದು, ಅಶೋಕನ ಹೆಸರನ್ನೇ ಹೊತ್ತು ಬೆಳಕಿಗೆ ಬಂದ ಮೊದಲ ಶಾಸನ. ಶಾಸನದ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ ಕುಂಚದಿಂದ ಬಡಿಯುತ್ತಾರೆ; ತೇವವಿಲ್ಲದೆ ಅಕ್ಷರ ಮೂಡದು. ಇದನ್ನು ವಿವರಿಸುತ್ತ, ಬೆಳಕೇ ಕಾಗದದ ಮೇಲೆ ಅಚ್ಚೊತ್ತುವ ಇನ್ನೊಂದು ಬಗೆಯನ್ನೂ ವಿದ್ಯಾರ್ಥಿಗಳಿಗೆ ತೋರಿಸಲು ಹೊರಟೆನು.

ಅದು ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸೈಯನೋಟೈಪ್ ಎಂಬ ನೀಲಿಯಚ್ಚು. ಹಿಂದೆ ಇಂಜಿನಿಯರರ ನೀಲಿನಕ್ಷೆಗಳು ಸಿದ್ಧವಾಗುತ್ತಿದ್ದುದು ಇದೇ ವಿಧಾನದಿಂದ. ಕಬ್ಬಿಣದ ಎರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೊಂದು ಎಲೆಯನ್ನಿಟ್ಟು ಬಿಸಿಲಿಗೆ ಹಿಡಿಯಬೇಕು. ನೀರಿನಲ್ಲಿ ತೊಳೆದಾಗ ಬೆಳಕು ಬಿದ್ದೆಡೆ ನೀಲಿ ನಿಲ್ಲುತ್ತದೆ. ಎಲೆಯ ನೆರಳು ಬೆಳ್ಳಗೆ ಉಳಿಯುತ್ತದೆ.

ಬೇಸಗೆಯಲ್ಲಿ ಎಲ್ಲವೂ ಸರಿಯಾಯಿತು. ಶ್ರಾವಣದಲ್ಲಿ ಸಿಂಧನೂರಿನಲ್ಲಿ ಸಂಜೆ ಬಳಿದಿಟ್ಟ ಕಾಗದಗಳು ಬೆಳಗಾಗುವಷ್ಟರಲ್ಲಿ ಮಂಕು ನೀಲಿಗೆ ತಿರುಗಿದ್ದವು. ಎಷ್ಟು ತೊಳೆದರೂ ಬಿಳುಪು ಬರಲಿಲ್ಲ. ಯಾರೋ ಕಿಟಕಿ ತೆರೆದಿರಬೇಕೆಂದು ಎಲ್ಲರನ್ನೂ ಗದರಿಸಿದೆನು. ಲಿಂಗಸುಗೂರಿನ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಕಿಟಕಿ ಯಾರೂ ತೆಗದಿಲ್ರಿ ಸರ್. ಮನ್ಯಾಗ ಹಪ್ಪಳನ ಮೆತ್ತಗಾಗ್ಯಾವ. ಈ ಕಾಗದ ಹ್ಯಾಂಗ ಒಣಗ್ತಾವ್ರಿ?" ಎಂದಳು.

ಅವಳ ಮಾತೇ ನಿಜವಾಗಿತ್ತು. ಆ ಲವಣಗಳಲ್ಲೊಂದಾದ ಫೆರಿಕ್ ಅಮೋನಿಯಂ ಸಿಟ್ರೇಟ್ ಗಾಳಿಯ ತೇವವನ್ನು ಹೀರುವಂಥದು. ತೇವವುಂಡ ಲೇಪವು ಬೆಳಕು ಕಾಣುವ ಮೊದಲೇ ಕೆಡತೊಡಗುತ್ತದೆ. ಮರುದಿನ ಬಳಿದ ಕಾಗದವನ್ನು ಫ್ಯಾನಿನ ಗಾಳಿಗೆ ಒಣಗಿಸಿ, ಕೂಡಲೆ ಬಿಸಿಲಿಗೆ ಹಿಡಿದಾಗ ಅಚ್ಚು ಶುಭ್ರವಾಗಿ ಬಂದಿತು. ಹಾಗೆಂದು ತೇವವು ಎಲ್ಲೆಡೆಯೂ ವೈರಿಯಲ್ಲ. ಪಲ್ಲಾಡಿಯಂ ಅಚ್ಚಿಗೆ ಕಾಗದದಲ್ಲಿ ಒಂದಿಷ್ಟು ತೇವ ಬೇಕು. ಗರಿಗರಿಯಾಗಿ ಒಣಗಿದರೆ ಅದರ ಕಪ್ಪು ಸೊರಗುತ್ತದೆ.

ಬೇಕಾದುದು ತೇವದ ಲೆಕ್ಕ. ನಾವು ಅಧ್ಯಾಪಕರು ಇಂಥ ಲವಣ ಇಷ್ಟು, ನೀರು ಇಷ್ಟು ಎಂಬುದನ್ನು ಕಂಠಪಾಠ ಮಾಡಿಸುತ್ತೇವೆ. ಗಾಳಿಯನ್ನು ಮಾತ್ರ ಬಿಟ್ಟುಬಿಡುತ್ತೇವೆ. ನಮ್ಮದು ಒಣನಾಡೆಂಬ ಪುಸ್ತಕದ ಮಾತನ್ನು ನಂಬಿ, ತುಂಗಭದ್ರೆಯ ಕಾಲುವೆಯ ನೀರು ನಿಂತ ಗದ್ದೆಗಳನ್ನು ನಾನು ಕಣ್ಣೆದುರಿಗಿದ್ದರೂ ಕಾಣದೆ ಹೋದೆನು. ಬೇರೆ ನಾಡಿನಲ್ಲಿ ಬರೆದ ವಿಧಿಯನ್ನು ನಮ್ಮ ಗಾಳಿಯಲ್ಲಿ ಪರೀಕ್ಷಿಸದೆ ಒಪ್ಪಿಸುವುದು ವಿದ್ಯೆಯಲ್ಲ; ಈ ಮಾತು ಸಾಹಿತ್ಯದ ಪಾಠಕ್ಕೂ ಸಲ್ಲುತ್ತದೆ.

ಈಗ ತರಗತಿಯಲ್ಲಿ ಒಂದು ಆರ್ದ್ರತಾಮಾಪಕವಿದೆ. ಪ್ರತಿಯೊಂದು ಅಚ್ಚಿನ ಬೆನ್ನಿಗೆ ದಿನಾಂಕದೊಡನೆ ಅಂದಿನ ತೇವಾಂಶವನ್ನೂ ಬರೆದಿಡುತ್ತೇವೆ. ಅದನ್ನು ಬರೆಯುವವಳು ಆ ಹುಡುಗಿಯೇ. ವೃಥಾ ಗದರಿಸಿದ್ದಕ್ಕೆ ಎಲ್ಲರೆದುರಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆನು. ಅಂದು ಬೇರೆ ಪಾಠ ಹೇಳಲಿಲ್ಲ.